ರಕ್ತದ ಮೇಲಿನ ಕೆನೆ

ನನ್ನ ಇಡೀ ಸಂಶೋಧನೆ ಒಂದು ಚಮಚ ತುಪ್ಪದಿಂದ ಶುರುವಾಯಿತು. ಹೀಗೆಂದರೆ ಪುಣೆಯ ಪ್ರಯೋಗಾಲಯದಲ್ಲಿ ಜೊತೆಯವರು ನಗುತ್ತಾರೆ. ನಗಲಿ, ಅವರಿಗೆ ಗುಡಗೇರಿಯ ನಮ್ಮ ಪಡಸಾಲೆ ಗೊತ್ತಿಲ್ಲ.

ಆಗ ನನಗೆ ಹನ್ನೊಂದು, ತಂಗಿಗೆ ಆರು. ಆಗಾಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದಳು. ಕುಂದಗೋಳದ ಡಾಕ್ಟರು ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಮೇಲೆ ಬೆಳ್ಳಗೆ ಕೆನೆ ಕಟ್ಟಿತು. ಅವರೂ ಅಂಥದ್ದು ಕಂಡಿರಲಿಲ್ಲ. "ದೊಡ್ಡ ದವಾಖಾನಿಗೆ ತೋರಸ್ರಿ," ಅಂದರು.

ಎರಡು ಎಮ್ಮೆ ಕಟ್ಟಿದ್ದ ಅವ್ವ ಮಾತ್ರ ಆ ಕೆನೆ ನೋಡಿ ಹಿಗ್ಗಿದಳು. "ಉಂಡದ್ದು ಮೈಗೆ ಹತ್ತಾಕತ್ತೇತಿ. ರಕ್ತದಾಗ ಹಾಲು ಕೂಡೇತಿ. ಇನ್ನಷ್ಟು ತುಪ್ಪ ಬಿದ್ರ ಗಟ್ಟಿ ಆಗ್ತಾಳ." ಹೊಟ್ಟೆ ನೊಂದರೆ ಬಿಸಿ ತುಪ್ಪಕ್ಕೆ ಅಜವಾನ ಹಾಕಿ ಕುಡಿಸುವುದು ನಮ್ಮ ಓಣಿಯ ಎಲ್ಲ ಮನೆಗಳ ಮದ್ದು. ಕುಡಿಸುವ ಕೆಲಸ ನನ್ನ ಪಾಲಿಗೆ ಬಂತು.

ತಂಗಿ ಹಲ್ಲು ಕಚ್ಚುತ್ತಿದ್ದಳು. ನಾನು ಅವಳ ಮೂಗು ಹಿಡಿಯುತ್ತಿದ್ದೆ. ಉಸಿರಿಗಾಗಿ ಬಾಯಿ ತೆರೆದ ಕೂಡಲೇ ಚಮಚ ಒಳಗೆ. ಎಂಟನೆಯ ದಿನ ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪುಣೆಯಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಮೇಡಂ ಒಂದು ದಿನ ಅಂಥದ್ದೇ ನಳಿಕೆ ತೋರಿಸಿದರು. ಉಂಡ ಕೊಬ್ಬನ್ನು ಒಡೆದು ಜೀವಕೋಶಗಳಿಗೆ ಒಪ್ಪಿಸುವ ಒಂದು ಕಿಣ್ವ ಇದೆ. ಕೆಲವು ಮಕ್ಕಳು ಅದಿಲ್ಲದೆ ಹುಟ್ಟುತ್ತವೆ. ಕೊಬ್ಬು ರಕ್ತದಲ್ಲೇ ಉಳಿಯುತ್ತದೆ, ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಉರಿದುಹೋಗುತ್ತದೆ. "ಇಂಥ ಮಗುವಿಗೆ ಬೆಣ್ಣೆ, ತುಪ್ಪ ವಿಷ," ಅಂದರು. ನಾನು ಎದ್ದು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ.

ಅಂದಿನಿಂದ ಮೂವತ್ತೈದು ವರ್ಷ ಅದೊಂದೇ ಕಿಣ್ವ. ಅದು ಜೀವಕೋಶದೊಳಗೆ ಹೇಗೆ ತಯಾರಾಗುತ್ತದೆ, ಯಾವ ದಾರಿಯಿಂದ ಹೊರಬರುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ. ನಳಿಕೆಯಲ್ಲಿ ಬಿಳಿ ಪದರ ತೇಲಿದಾಗಲೆಲ್ಲ ಆ ಕಚ್ಚಿದ ಹಲ್ಲು ಕಣ್ಣೆದುರು ಬರುತ್ತಿತ್ತು. ಅದು ಮಾತ್ರ ನನಗೆ ಯಾವತ್ತೂ ರೂಢಿಯಾಗಲಿಲ್ಲ. ಅವ್ವನಿಗೆ ಒಂದು ಮಾತೂ ಹೇಳಲಿಲ್ಲ. ಅವಳಾದರೂ ನೆಮ್ಮದಿಯಿಂದ ಇರಲಿ ಅಂದುಕೊಂಡಿದ್ದೆ.

ಹೋದ ಶ್ರಾವಣದಲ್ಲಿ ಊರಿಗೆ ಹೋದೆ. ಚೀಲ ಕೆಳಗಿಡುವ ಮೊದಲೇ ಅಜವಾನದ ವಾಸನೆ ಮೂಗಿಗೆ ಬಡಿಯಿತು. ಪಡಸಾಲೆಯಲ್ಲಿ ಅಣ್ಣನ ಮೊಮ್ಮಗಳು, ಮೂರು ವರ್ಷದ ಕೂಸು, ಹೊಟ್ಟೆ ಹಿಡಿದು ಕೂತಿತ್ತು. ಎದುರಿಗೆ ಅವ್ವ, ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಮಚ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು, ಬರೀ ಅಜೀರ್ಣ. ಆದರೆ ಆ ಕ್ಷಣ ಅದು ನನಗೇನು ಗೊತ್ತು? ಹಾರಿಹೋಗಿ ಅವ್ವನ ಮುಂಗೈ ಹಿಡಿದೆ.

"ತುಪ್ಪ ಹಾಕಬ್ಯಾಡ ಬೇ!"

ಅವ್ವ ಬಟ್ಟಲನ್ನು ನನ್ನ ಕಡೆ ವಾಲಿಸಿದಳು. ಅಜವಾನ ಹಾಕಿದ ತೆಳ್ಳನೆಯ ಜೋಳದ ಅಂಬಲಿ. ಮೇಲೆ ಜಿಡ್ಡಿನ ಒಂದು ಹನಿಯೂ ಇರಲಿಲ್ಲ.

"ಹೊಟ್ಟಿ ನೊಂದ ಕೂಸಿಗೆ ನಾ ತುಪ್ಪ ಬಿಟ್ಟು ಭಾಳ ವರ್ಷ ಆತು," ಅಂದಳು. "ಒಮ್ಮೆ ನೀ ಪುಣೆದಿಂದ ಬಂದಾಗ ನನ್ನ ಕೈಯಾಗಿನ ತುಪ್ಪದ ಚಮಚ ನೋಡಿ, ಉಣ್ಣೂದು ಬಿಟ್ಟು ಎದ್ದು ಹೋದಿ. ಅವತ್ತ ನನಗ ತಿಳೀತು."

"ಮತ್ತ ಯಾಕ ನನ್ನ ಕೇಳಲಿಲ್ಲ?"

"ಕೇಳಿದ್ರ ನೀ ಹೇಳಬೇಕಾಗತಿತ್ತು."

ನನಗೆ ಅಳು ತಡೆಯಲಾಗಲಿಲ್ಲ. "ಆಕಿ ಒಲ್ಲೆ ಅಂದ್ರೂ ನಾನ ಮೂಗು ಹಿಡದು ಹಾಕಿದೆ, ಯವ್ವಾ," ಅಂದೆ.

"ಗೊತ್ತೈತಿ. ಅಡಗಿ ಮನಿ ಬಾಗಲದಾಗ ನಿಂತು ನೋಡಾಕತ್ತಿದ್ದೆ." ಅವಳ ಮುಂಗೈ ಇನ್ನೂ ನನ್ನ ಹಿಡಿತದಲ್ಲೇ ಇತ್ತು. ಅದನ್ನೇ ನೋಡುತ್ತ ಅಂದಳು: "ಅವತ್ತ ನಾ ನಿನ್ನ ಕೈ ಹಿಂಗ ಹಿಡೀಬೇಕಿತ್ತು."

ಕೂಸು ಅಂಬಲಿಗಾಗಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು.