ಗೆಲ್ಲುವವರೆಗೂ ಗಡ್ಡ

ನನ್ನ ತಮ್ಮನ ವಿಷಯ ಬರೆದುಕೋ ಪುಟ್ಟಿ. ನಿನ್ನ ಚಿಕ್ಕ ತಾತ. ಊರಿಗೆಲ್ಲ ಅವನು ‘ನೊರೆ’. ಬ್ರಶ್ ಹಿಡಿದರೆ ಗಿರಾಕಿಯ ಕಿವಿಯವರೆಗೂ ನೊರೆ ಬಳಿಯುತ್ತಿದ್ದ, ಅದಕ್ಕೇ ಆ ಹೆಸರು. ಫುಟ್‌ಬಾಲ್ ಮೈದಾನದ ಗೋಡೆಗೆ ಅಂಟಿಕೊಂಡೇ ಅವನ ಕ್ಷೌರದ ಅಂಗಡಿ. ಎರಡು ಕುರ್ಚಿ, ಒಂದು ಉದ್ದದ ಬೆಂಚು, ಮೂಲೆ ಒಡೆದ ಕನ್ನಡಿ. ಆ ಕನ್ನಡಿ ಒಡೆದದ್ದು ನಮ್ಮ ತಂಡ ಗೋಲು ಹೊಡೆದಾಗ ಟೈಲರ್ ಕುಣಿದ ಕುಣಿತಕ್ಕೆ. ಅದು ಬೇರೆ ಕತೆ, ಬಿಡು.

ಆ ಬೆಂಚಿನ ಮೇಲೆ ದಿನಾ ಕೂತು ಹರಟುವ ತಂಡದ ಅಭಿಮಾನಿಗಳದ್ದೊಂದು ಪದ್ಧತಿ ಇತ್ತು. ತಂಡ ಸೋತರೆ ಮತ್ತೆ ಗೆಲ್ಲುವವರೆಗೂ ಯಾರೂ ಗಡ್ಡ ತೆಗೆಸುವಂತಿಲ್ಲ, ತಲೆಗೆ ಕತ್ತರಿ ತಾಗಿಸುವಂತಿಲ್ಲ. ಒಳ್ಳೆಯ ವರ್ಷಗಳಲ್ಲಿ ಅದೊಂದು ತಮಾಷೆ. ವಾರವೋ ಹದಿನೈದು ದಿನವೋ ಗಡ್ಡ ಬಿಡುವುದು, ಗೆದ್ದ ಮರುದಿನ ನಾ ಮುಂದು ತಾ ಮುಂದು ಅಂತ ಕುರ್ಚಿಗೆ ನುಗ್ಗುವುದು. ಆ ವರ್ಷ ತಂಡ ಗೆಲ್ಲುವುದನ್ನೇ ಮರೆತುಬಿಟ್ಟಿತು ನೋಡು. ಗಡ್ಡಗಳು ಎದೆಗೆ ಇಳಿದವು. ಬೆಂಚಿನ ತುಂಬ ಜನ, ಕುರ್ಚಿಯಲ್ಲಿ ಒಂದು ನೊಣವೂ ಇಲ್ಲ. ಈ ಪದ್ಧತಿ ಶುರು ಮಾಡಿದವನು ಯಾರು ಗೊತ್ತಾ? ನನ್ನ ತಮ್ಮನೇ! ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ.

ಒಂದು ಕುರ್ಚಿ ಆಗಲೇ ಸಾಲಕ್ಕೆ ಅವನ ಭಾವಮೈದುನನ ಪಾಲಾಗಿತ್ತು. ಅವನದೂ ಪಕ್ಕದ ಬೀದಿಯಲ್ಲಿ ಸಲೂನು. ಇನ್ನೊಂದನ್ನು ಪಂದ್ಯಗಳೆಲ್ಲ ಮುಗಿದ ಮೇಲೆ ಒಯ್ಯುತ್ತೇನೆ ಅಂತ ಹೇಳಿ ಹೋಗಿದ್ದ. ಅದು ನಮ್ಮಪ್ಪನ ಕುರ್ಚಿ. ಅದು ಹೋದರೆ ಅಂಗಡಿಗೆ ಬೀಗವೇ.

“ಅಡುಗೆಯವನೇ ಊರಿಗೆಲ್ಲ ಉಪವಾಸ ಹೇಳಿದ್ರೆ ಒಲೆ ಹೇಗೋ ಉರಿಯುತ್ತೆ? ಬಿಡೋ ಈ ಹಟಾನ,” ಅಂದೆ.

“ಮಾತು ಅಂದ್ಮೇಲೆ ಮಾತೇ ಅಕ್ಕಾ. ಒಂದೇ ಒಂದು ಗೆಲುವು ಬರ್ಲಿ. ಎಲ್ರೂ ಓಡಿ ಬರ್ತಾರೆ ನೋಡು,” ಅಂದ. ಅವನ ಮುಖವೇ ಒಂದು ಕಾಡಾಗಿತ್ತು. ಕ್ಷೌರದವನಿಗೆ ಅಂಥ ಗಡ್ಡ!

ಅಷ್ಟರಲ್ಲಿ ತಂಡದವರು ಹೊಸ ಕೋಚ್ ತಂದರು. ಹೊಸಬನೆಂದರೆ ಎಪ್ಪತ್ತು ದಾಟಿದ ಮುದುಕ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಕಪ್ ಗೆದ್ದುಕೊಟ್ಟವನಂತೆ. ಉಳಿದದ್ದು ಬೆರಳೆಣಿಕೆಯ ಪಂದ್ಯ. ಗೆಲ್ಲದಿದ್ದರೆ ತಂಡ ಕೆಳಗಿನ ಲೀಗಿಗೆ. ಅವತ್ತು ಊಟದ ಡಬ್ಬಿ ಕೊಡಲು ಹೋದರೆ ಅಂಗಡಿಯಲ್ಲಿ ಮಹಾಯುದ್ಧ.

“ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತಿದಾರೆ,” ಅಂದ ಕಂಡಕ್ಟರ್. ಬಸ್ಸಿನ ಕೆಲಸದಿಂದ ನಿವೃತ್ತನಾದರೂ ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. “ಅದೂ ಯಾರ ಕೈಲಿ? ಹಲ್ಲು ಬಿದ್ದ ಹುಲಿ ಕೈಲಿ!”

“ನಿಮ್ಮ ಬಾಯಲ್ಲಿ ಎಷ್ಟು ಹಲ್ಲಿದೆ ಮೊದಲು ಅದು ಹೇಳಿ ಸ್ವಾಮಿ,” ಅಂದ ಟೈಲರ್. “ಹಳೇ ಕೈ ಕಣ್ರೀ ಅದು. ಎತ್ತು ಏರಿಗೆ, ಕೋಣ ನೀರಿಗೆ ಅಂತಿರೋ ಹುಡುಗರನ್ನ ಒಂದು ದಾರಿಗೆ ತರ್ತಾನೆ.”

“ಅವನಿಗೇ ದಾರಿ ಕಾಣಲ್ಲ, ಸೋಡಾಬುಡ್ಡಿ ಕನ್ನಡಕ!”

“ಬಾಯಿ ಮುಚ್ರೋ!” ನನ್ನ ತಮ್ಮ ಕಿರುಚಿದ. ಅವನು ಗಿರಾಕಿಗಳ ಮೇಲೆ ಯಾವತ್ತೂ ದನಿ ಎತ್ತಿದವನಲ್ಲ. “ಮುಳುಗೋನಿಗೆ ಹುಲ್ಲುಕಡ್ಡೀನೂ ಬೇಡ ಅಂತೀರಲ್ಲ. ಬೇರೆ ಯಾರಿದಾರೆ ನಮಗೆ? ಹೇಳಿ, ಯಾರಿದಾರೆ?”



ಎರಡು ದಿನ ಕಳೆದು ನಾನು ಡಬ್ಬಿ ಹಿಡಿದು ಹೋದಾಗಲೇ ಆ ಮುದುಕ ಒಳಗೆ ಬಂದ. ಕೋಟು, ದಪ್ಪ ಕನ್ನಡಕ, ಬಿಳಿ ಕುರುಚಲು ಗಡ್ಡ. ಪಾಪ, ಅವನಿಗೇನು ಗೊತ್ತು? “ಶೇವಿಂಗ್ ಮಾಡ್ತೀರಾ?” ಅಂದ.

ಕಂಡಕ್ಟರ್ ಎದ್ದು ಬಂದು ತಮ್ಮನ ಕಿವಿಯಲ್ಲಿ ಬುಸುಗುಟ್ಟಿದ. “ನೊರೆ, ಬೇಡ. ಈಗ ಇವನೂ ನಮ್ಮೋನೇ. ಗೆಲ್ಲೋ ಮುಂಚೆ ಬ್ಲೇಡ್ ತಾಗಿಸಿದ್ರೆ ಮುಗೀತು ನಮ್ಮ ಕತೆ.”

ಇವನು ಒಂದು ಸಲ ಬೆಂಚು ನೋಡಿದ, ಒಂದು ಸಲ ಅಪ್ಪನ ಕುರ್ಚಿ ನೋಡಿದ. “ಬಾಗಿಲಿಗೆ ಬಂದೋರನ್ನ ನಮ್ಮಪ್ಪ ಯಾವತ್ತೂ ವಾಪಸ್ ಕಳಿಸಿಲ್ಲ,” ಅಂದವನೇ ಕುರ್ಚಿಯ ಧೂಳು ಹೊಡೆದ.

ಕಿವಿಯವರೆಗೂ ನೊರೆ ಬಳಿದು, ಮಗುವಿನ ಕೆನ್ನೆ ಅನ್ನುವ ಹಾಗೆ ಬ್ಲೇಡು ಎಳೆದ. ಕೊನೆಗೆ ತಡೆಯಲಾರದೆ ಮೆಲ್ಲಗೆ ಕೇಳಿದ, “ಗೆಲ್ತೀವಾ ಸಾರ್?”

ಮುದುಕ ಕನ್ನಡಿಯಲ್ಲೇ ಅವನನ್ನು ನೋಡಿದ. “ಹುಡುಗರು ಹೆದರಿದಾರಪ್ಪಾ,” ಅಂದ. ಕಿವಿಯ ನೊರೆ ಒರೆಸಿಕೊಳ್ಳುತ್ತಾ, “ನಾನೂ ಅಷ್ಟೇ.”

ಆ ವಾರ ತಂಡ ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು ಸೋತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ, ಕೋಚ್ ಬೇಕು ಅಂದವರು, ಬೇಡ ಅಂದವರು ಎಲ್ಲ ಮೊದಲ ಸಲ ಒಂದಾಗಿ ಹೇಳಿದರು: ತಪ್ಪು ನೊರೆಯ ಬ್ಲೇಡಿನದು. ಬೆಂಚೂ ಖಾಲಿಯಾಯಿತು. ಟೈಲರ್ ಕೂಡ ಆಚೆ ಬದಿಯ ಫುಟ್‌ಪಾತ್ ಹಿಡಿದು ಹೋಗತೊಡಗಿದ. ನನ್ನ ತಮ್ಮ ಇಡೀ ದಿನ ಕತ್ತರಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದ. ಡಬ್ಬಿ ತೆರೆದಿಟ್ಟರೂ ತುತ್ತು ಇಳಿಯುತ್ತಿರಲಿಲ್ಲ. ಎಲುಬು ಎಣಿಸಬಹುದಿತ್ತು ಪುಟ್ಟಿ.

ಕೊನೆಯ ಪಂದ್ಯದ ದಿನ ನಾನು ಅವನ ಜೊತೆಗೇ ಇದ್ದೆ. ಮೈದಾನಕ್ಕೆ ಹೋಗುವ ಧೈರ್ಯ ಇಲ್ಲದೆ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಗೋಡೆಯಾಚೆ ಗದ್ದಲ ಏರಿತು, ಇನ್ನೂ ಏರಿತು, ಅವನು ಎದ್ದು ನಿಂತ. ಆಮೇಲೆ ‘ಛೇ’ ಅಂತ ಸಾವಿರ ಬಾಯಿಂದ ಒಂದೇ ಉಸಿರು. ಚೆಂಡು ಕಂಬಕ್ಕೆ ಬಡಿದಿತ್ತಂತೆ. ಅಷ್ಟೇ. ತಂಡ ಕೆಳಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಭಾವಮೈದುನ ಕುರ್ಚಿಗೆ ಅಂತ ತಳ್ಳುಗಾಡಿ ತಂದ. ತಂದವನು ಬಾಗಿಲಲ್ಲೇ ನಿಂತ. ಕುರ್ಚಿಯಲ್ಲಿ ಕಂಡಕ್ಟರ್ ಕೂತಿದ್ದ.

“ತೆಗಿ ನೊರೆ,” ಅಂದ. “ಇನ್ಯಾವ ಗೆಲುವಿಗೆ ಅಂತ ಇಟ್ಕೊಳ್ಳೋದು?”

ಅವನ ಹಿಂದೆ ಟೈಲರ್, ಟೈಲರ್ ಹಿಂದೆ ಬೀದಿಯುದ್ದಕ್ಕೂ ಗಡ್ಡಗಳು. ನೆಲದ ಮೇಲೆ ಕಪ್ಪು ಬಿಳಿ ಕೂದಲು ಗುಡ್ಡೆಯಾಯಿತು. ಭಾವಮೈದುನ ಖಾಲಿ ಗಾಡಿ ತಳ್ಳಿಕೊಂಡು ಹೋದ. ಕುರ್ಚಿ ಉಳಿಯಿತು. ನನ್ನ ತಮ್ಮ ಒಂದೊಂದು ಮುಖ ನುಣ್ಣಗೆ ಮಾಡುತ್ತಾ, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಇದ್ದ. ಬಯಸಿದ್ದ ಜನವೆಲ್ಲ ಬಂದರು. ಬಂದದ್ದು ಆಸೆ ಸತ್ತ ಮೇಲೆ.

ಎಲ್ಲರೂ ಹೋದ ಮೇಲೆ ಬ್ರಶ್ ಅವನ ಕೈಗೇ ಕೊಟ್ಟೆ. “ಈಗ ನಿಂದು ತೆಗಿಯೋ. ಭೂತದ ಹಾಗೆ ಕಾಣ್ತೀಯ.”

ಅವನು ಬ್ರಶ್ ತೊಳೆದು ಒಣಗಲಿಟ್ಟ.

“ನಂದು ಇರ್ಲಿ ಬಿಡಕ್ಕಾ,” ಅಂದ. “ಒಬ್ಬನಾದ್ರೂ ಇಟ್ಕೊಂಡಿರ್ಬೇಕಲ್ಲ.”