ಫ್ರೆಂಚಿನಲ್ಲಿ ಮುದ್ದೆ ಬಡಿಸುವ ಕಷ್ಟ

ಕಾನ್ವೆಂಟಿನಲ್ಲಿ ಮೂರು ವರ್ಷ ಫ್ರೆಂಚ್ ಕಲಿತೆ ಎಂದು ನಾನು ಹೇಳಿಕೊಳ್ಳುವುದು ಸುಳ್ಳಲ್ಲ. ಕಲಿತದ್ದು ಇನ್ನೂ ಉಳಿದಿದೆ ಎಂದು ನಂಬಿದ್ದೇ ತಪ್ಪು. ಆ ಧೈರ್ಯದ ಮೇಲೆ ಮಗಳು ನಿಧಿಗೂ ಶಾಲೆಯಲ್ಲಿ ಫ್ರೆಂಚೇ ಕೊಡಿಸಿದೆ. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಆರು ತಂದಳು. ಭಾಷೆ ಬದಲಿಸುವವರು ಸೋಮವಾರ ಫಾರಂ ಕೊಡಬೇಕು. ಅವಳು ಆಗಲೇ ತುಂಬಿಟ್ಟಿದ್ದಳು. ನನ್ನ ರುಜು ಮಾತ್ರ ಬಾಕಿ.

ತಪ್ಪೆಲ್ಲ ಒಂದೇ ಕಡೆ. ಫ್ರೆಂಚರಿಗೆ ಬರೀ ಕಾಫಿ ಎಂದರೆ ಸಾಲದು. ಪದದ ಮುಂದೆ 'ಅಂ' ಸೇರಿಸಿದರೆ ಒಂದು ಕಾಫಿ, 'ದ್ಯು' ಸೇರಿಸಿದರೆ ಒಂದಿಷ್ಟು ಕಾಫಿ. ಎಣಿಸಲು ಬರುವುದಕ್ಕೆ ಅಂ, ಬಾರದ್ದಕ್ಕೆ ದ್ಯು ಎಂದು ನಾನೇ ಹೇಳಿಕೊಟ್ಟಿದ್ದೆ. ಹಾಗಾದರೆ ಕೋಳಿ? ಅಂಗಳದಲ್ಲಿ ಓಡಾಡುವಾಗ ಅಂ, ಸಾರಿಗೆ ಬಿದ್ದ ಮೇಲೆ ದ್ಯು! ಯಾವ ಗಳಿಗೆಯಲ್ಲಿ ಅದು ಬದಲಾಯಿತೆಂದು ಯೋಚಿಸುತ್ತ ನಿಂತು ಒಲೆಯ ಮೇಲಿನ ಈರುಳ್ಳಿ ಸೀಯಿಸಿದೆ.

ಅದು ಭಾನುವಾರ. ನಂದಗುಡಿಯಿಂದ ಯಜಮಾನರ ಚಿಕ್ಕಪ್ಪ ಊಟಕ್ಕೆ ಬಂದಿದ್ದರು. ಅತ್ತೆ ರಾಗಿ ಹಿಟ್ಟು ತಿರುವಿ ಮುದ್ದೆ ಕಟ್ಟುತ್ತಿದ್ದರು; ಅವರ ಬಾಯಲ್ಲಿ ಮುದ್ದೆಗೂ ಹಿಟ್ಟೆಂದೇ ಹೆಸರು. ತಲೆಯ ತುಂಬ ವ್ಯಾಕರಣ ತುಂಬಿಕೊಂಡಿದ್ದ ನಾನು, ತಟ್ಟೆ ಹಿಡಿದು ಕೇಳಿಯೇಬಿಟ್ಟೆ: "ಚಿಕ್ಕಮಾವ, ಎಷ್ಟು ಮುದ್ದೆ ಇಕ್ಲಿ?"

ಅತ್ತೆ ಮುದ್ದೆ ಕಟ್ಟುವುದನ್ನು ಬಿಟ್ಟು ನನ್ನತ್ತ ತಿರುಗಿದರು.

"ಮನೆಗೆ ಬಂದೋರಿಗೆ ಎಣಿಸ್ಕೊಂಡು ಇಕ್ತಾರೇನಮ್ಮಾ? ಹಿಟ್ಟು ಇಕ್ಲಾ ಅಂತ ಕೇಳ್ಬೇಕು," ಎಂದು ಅತ್ತೆ ಪಿಸುಗುಟ್ಟಿದರು, ಬೀದಿಗೆ ಕೇಳುವಷ್ಟು ಮೆಲ್ಲಗೆ.

"ಬಿಡಿ ಅತ್ತಿಗೆ, ಓದಿದ ಸೊಸೆ," ಎಂದರು ಚಿಕ್ಕಮಾವ. "ಅರ್ಧ ಸಾಕು ಕಣಮ್ಮ. ಹೋಟ್ಲಲ್ಲಾದ್ರೆ ನಾನೇ ಎರಡು ಕೊಡಪ್ಪಾ ಅಂತೀನಿ. ಅಲ್ಲಿ ಎಣಿಸ್ಬೇಕು, ಇಲ್ಲಿ ಎಣಿಸ್ಬಾರ್ದು."

ನನಗೆ ಭೂಮಿಗಿಳಿದು ಹೋಗುವಂತಾಗಿತ್ತು. ನಿಧಿ ಮಾತ್ರ ಕುಣಿದಳು. "ಅಮ್ಮಾ! ಹೋಟ್ಲಲ್ಲಿ ಅಂ, ಅಜ್ಜಿ ಹತ್ರ ದ್ಯು! ಮುದ್ದೆ ಅದೇ, ನಾವು ಹೆಂಗೆ ನೋಡ್ತೀವಿ ಅನ್ನೋದು ಬೇರೆ. ಇಷ್ಟೇನಾ?"

ಇಷ್ಟೇ ಇರಬಹುದೇ? ನನಗೆ ಖಾತ್ರಿಯಿಲ್ಲ. "ಹಂಗಾದ್ರೆ ಈ ಅರ್ಧ ಮುದ್ದೆಗೆ ಯಾವುದು?" ಎಂದು ಕೇಳಿದೆ. ಮಗಳು ನನ್ನನ್ನು ಕರುಣೆಯಿಂದ ನೋಡಿದಳು.

ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ಒಬ್ಬಳೇ ಇಪ್ಪತ್ತು ವಾಕ್ಯ ಬರೆದಳು. ಪುಸ್ತಕದ ಕೊನೆಯ ಉತ್ತರಗಳೊಡನೆ ಹೋಲಿಸಿದರೆ ಹದಿನೇಳು ಸರಿ. ಫಾರಂ ಹರಿದು ನನ್ನ ಕೈಗಿಟ್ಟಳು.

"ಫ್ರೆಂಚ್ ಬಿಡಲ್ಲಮ್ಮ. ನೀನು ಹೇಳ್ಕೊಡೋದು ಬಿಟ್ಬಿಡು."

ಬೇಸರವಾಯಿತೋ ಸಮಾಧಾನವಾಯಿತೋ, ಅದೂ ತಿಳಿಯಲಿಲ್ಲ. ಎದ್ದು ಹೋಗಲು ಮನಸ್ಸಾಗದೆ ಪಕ್ಕದಲ್ಲೇ ಕುಳಿತು ಇಣುಕಿದೆ. ಅವಳು ತಲೆಯೆತ್ತಲಿಲ್ಲ; ಪುಸ್ತಕವನ್ನು ಮಾತ್ರ ನನಗೂ ಕಾಣುವ ಹಾಗೆ ತುಸು ತಿರುಗಿಸಿದಳು.