ಗಡಿಯಾಚೆ ನಾನು ಎತ್ತಿದ ಲಾಠಿ

ಕೃಷ್ಣ, ನಿನ್ನ ಅಣ್ಣನ ತಲೆಗೆ ಹೊಡೆದವನು ನಾನು. ಇನ್‌ಸ್ಪೆಕ್ಟರ್ ಅಲ್ಲ, ಜೊತೆಗಿದ್ದ ಇಬ್ಬರೂ ಅಲ್ಲ — ನಾನು, ಕುಣಿಗಲ್‌ನ ರಹಮತ್. ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆ ಗೇಟಿನಲ್ಲಿ ನೀನು ಕೊಟ್ಟ ಟೀ ಎಷ್ಟೋ ಸಲ ಕುಡಿದ ಕಾನ್‌ಸ್ಟೇಬಲ್.

ತೊಂಬತ್ತರ ದಶಕದ ಮಾತು. ನೀನು ಕಾವಲಿದ್ದ ಕಾರ್ಖಾನೆಯ ಸೂಪರ್‌ವೈಸರ್ ಕೊಲೆಯಾದ. ಅದೇ ವಾರ ನೀನು ರಜೆ ಹಾಕಿ ನೇಪಾಳದ ನಿಮ್ಮೂರಿಗೆ ಹೋಗಿದ್ದೆ. ನಮಗೆ ಅಷ್ಟೇ ಸಾಕಾಯಿತು. ಮನೆಯಲ್ಲಿ ಉರ್ದು ಮಾತಾಡುವವನು, ಆ ಕಡೆ ಹಿಂದಿ ನಿಭಾಯಿಸುತ್ತಾನೆ ಅಂತ ನನ್ನನ್ನೂ ತಂಡಕ್ಕೆ ಸೇರಿಸಿದರು.

ಗಡಿಯ ಹತ್ತಿರ ಜೀಪು ನಿಲ್ಲಿಸಿ, ಖಾಕಿ ಬಿಚ್ಚಿ ಮಫ್ತಿ ಹಾಕಿಕೊಂಡೆವು. ಆಗ ನಾನು ಕೇಳಿದ್ದೆ — ಇದನ್ನು ನೆಪಕ್ಕೆ ಹೇಳುತ್ತಿಲ್ಲ, ನನಗೆ ಗೊತ್ತಿತ್ತು ಅನ್ನುವುದಕ್ಕೆ ಹೇಳುತ್ತಿದ್ದೇನೆ.

"ಸಾರ್, ಪರದೇಶದಲ್ಲಿ ನಾವು ಹಿಡಿಯೋ ಹಾಗಿಲ್ಲ. ಅವರ ಸರ್ಕಾರಕ್ಕೆ ಬರೀಬೇಕಲ್ವಾ?"

"ಕಾಗದ ಹೋಗಿ ಬರೋಷ್ಟರಲ್ಲಿ ಅವ್ನು ಮುದುಕ ಆಗಿರ್ತಾನೆ ಕಣೋ," ಅಂದರು ಇನ್‌ಸ್ಪೆಕ್ಟರ್. "ಗಡಿ ಅಂದ್ರೆ ಏನ್ಲಾ? ಒಂದು ಕಲ್ಲು. ನಡಿ."

ನಡೆದೆ.

ಬೆಳಿಗ್ಗೆ ನಿಮ್ಮ ಮನೆಗೆ ನುಗ್ಗಿದಾಗ ನೀನು ಊಟಕ್ಕೆ ಕೂತಿದ್ದೆ. ಕೂದಲು ಹಿಡಿದು ಅಂಗಳಕ್ಕೆ ಎಳೆದೆವು. ಬಂದೂಕಿನ ಹಿಂಬದಿಯಿಂದ ಬಾಯಿಗೆ ಬಿದ್ದ ಏಟಿಗೆ ನಿನ್ನ ಎರಡು ಹಲ್ಲು ಅನ್ನದ ಜೊತೆ ಉದುರಿದವು. ರಕ್ತ ಉಗಿಯುತ್ತಲೇ ನೀನು ನಮ್ಮ ತುಮಕೂರಿನ ಕನ್ನಡದಲ್ಲಿ ಕೂಗಿದೆ: "ನಾನೇನೂ ಮಾಡಿಲ್ಲ ಸಾರ್! ಇಲ್ಲೇ ಪೊಲೀಸ್ ಠಾಣೆ ಐತೆ, ಅಲ್ಲಿಗೆ ಕರ್ಕೊಂಡೋಗಿ ಸಾರ್!"

ನಿನ್ನನ್ನು ಜೀಪಿನೊಳಗೆ ಮುಖ ಕೆಳಗೆ ಮಾಡಿ ಅದುಮಿ ಹಿಡಿದಿದ್ದಾಗ, ಗದ್ದಲ ಕೇಳಿ ನಿನ್ನ ಅಣ್ಣ ಹೊಲದಿಂದ ಓಡಿ ಬಂದ. ಜೀಪಿಗೆ ಅಡ್ಡ ನಿಂತು, ಯಾರ ಅಪ್ಪಣೆ ಮೇಲೆ ಬಂದಿರಿ, ಅಂತ ಹಿಂದಿಯಲ್ಲಿ ಕೇಳಿದ. ಅವನ ಕೈ ಬರಿದಾಗಿತ್ತು. ನಾನು ಲಾಠಿ ಎತ್ತಿದೆ. ಅವನು ಬಿದ್ದ, ಮೊಣಕೈ ಊರಿ ಏಳಲು ನೋಡಿದ — ಮತ್ತೊಮ್ಮೆ ಹೊಡೆದೆ. ಮೊದಲ ಏಟು ಗಾಬರಿಯದ್ದು ಅಂತ ನನಗೆ ನಾನೇ ಹೇಳಿಕೊಳ್ಳಬಹುದಿತ್ತೇನೋ. ಎರಡನೆಯದು?

ತುಮಕೂರಿನ ಕೋರ್ಟಿನಲ್ಲಿ ನೀನು ಎಲ್ಲವನ್ನೂ ಹೇಳಿದೆ. ನ್ಯಾಯಾಧೀಶರು ನನ್ನ ಕಡೆ ತಿರುಗಿ, ಎಲ್ಲಿ ಹಿಡಿದಿರಿ ಅಂತ ಕೇಳಿದರು.

"ಭಾರತದ ಕಡೆ ಬಸ್‌ಸ್ಟ್ಯಾಂಡಲ್ಲಿ, ಸ್ವಾಮಿ. ನಾವು ಗಡಿ ದಾಟೇ ಇಲ್ಲ."

ಆ ಮಾತಿನಿಂದ ನಿನ್ನ ಅಣ್ಣನ ರಕ್ತ ಎಲ್ಲಿಯೂ ಚೆಲ್ಲದ ರಕ್ತವಾಯಿತು. ಆಮೇಲೆ ನೇಪಾಳದಿಂದ ವಿಚಾರಣೆಯ ಪತ್ರ ಬಂದಾಗಲೂ, ಅದನ್ನು ನಮಗೆ ತೋರಿಸದೆ, ಮೇಲಿನವರು ಇದೇ ಸುಳ್ಳನ್ನು ಬರೆದು ಕಳಿಸಿದರು. ನನ್ನ ಹೇಳಿಕೆಗೆ ನಾನೇ ಸಹಿ ಹಾಕಿದೆ.

ನಾಲ್ಕು ವರ್ಷ ಜೈಲಲ್ಲಿದ್ದೆ ನೀನು. ಸೂಪರ್‌ವೈಸರನ ಸ್ವಂತ ಷಡ್ಡಕನೇ ಕೊಲೆಗಾರ ಅಂತ ತಿಳಿದ ಮೇಲೆ ಬಿಟ್ಟರು. ಆಗ ನಾನು ಗುಬ್ಬಿಯಲ್ಲಿದ್ದೆ. ನೀನು ಠಾಣೆಗೆ ಹುಡುಕಿಕೊಂಡು ಬಂದೆ — ಜಗಳಕ್ಕಲ್ಲ.

"ಅಣ್ಣ ಮೂರನೇ ದಿನ ಹೋಗ್ಬಿಟ್ಟ ಸಾರ್. ಹೊಡೆದೋರು ಯಾರು, ಅಷ್ಟು ಹೇಳಿ ಸಾಕು. ಅಮ್ಮ ಕೇಳ್ತಾಳೆ."

ಅವನು ಸತ್ತಿದ್ದಾನೆ ಅಂತ ನನಗೆ ತಿಳಿದದ್ದು ಆ ಕ್ಷಣ. ಬಾಯಿ ತೆರೆದೆ. ಹೆಂಡತಿ, ಕೆಲಸ, ಮಗಳ ಮದುವೆ — ಎಲ್ಲ ಒಟ್ಟಿಗೆ ನೆನಪಾಯಿತು.

"ನಾನು ನೋಡ್ಲಿಲ್ಲ ಕಣಪ್ಪಾ."

ನೀನು ಕೈಮುಗಿದು ಹೋದೆ. ನನಗೆ ಕೈಮುಗಿದು.

ಈಗ ನಿವೃತ್ತಿಯಾಗಿದೆ. ಕಳೆದ ವಾರ ತುಮಕೂರಿನ ವಕೀಲರೊಬ್ಬರ ಎದುರು ಕೂತು ಎಲ್ಲವನ್ನೂ ಬರೆಸಿದೆ. ಅವರು ಪೆನ್ನು ಕೆಳಗಿಟ್ಟು, "ರಹಮತ್ ಸಾಹೇಬ್ರೇ, ಇದು ಕೊಲೆ. ಇಲ್ಲೂ ಕೇಸಾಗುತ್ತೆ, ನೇಪಾಳದವರೂ ನಿಮ್ಮನ್ನ ಒಪ್ಪಿಸಿ ಅಂತ ಕೇಳಬಹುದು. ಇನ್ನೊಂದ್ಸಲ ಯೋಚನೆ ಮಾಡಿ," ಅಂದರು.

"ಕೇಳಿದ್ರೆ ಹೋಗ್ತೀನಿ," ಅಂದೆ.

ನಿನ್ನ ತಾಯಿ ಇನ್ನೂ ಇದ್ದಾರೋ ಇಲ್ಲವೋ, ಗೊತ್ತಿಲ್ಲ. ಇದ್ದರೆ ಅವರಿಗೆ ನನ್ನ ಹೆಸರು ಹೇಳು. ಕ್ಷಮೆಯ ಮಾತು ಬೇಡ — ಹೆಸರು ಮಾತ್ರ.